ಮಂದ್ರ ದನಿಯ ಅನುಕರಣೆ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ತಂಗಿಯ ಮಗನು ಬಂದು ಹದಿನೈದು ದಿನ ನಮ್ಮ ಮನೆಯಲ್ಲಿದ್ದನು. ಎಂಜಿನಿಯರಿಂಗ್ ಕಾಲೇಜಿನ ಹುಡುಗ, ವಿನಯವಂತ, ಊಟಕ್ಕೆ ಕರೆದರೆ ಬರುತ್ತಿದ್ದನು, ಕರೆಯದಿದ್ದರೆ ಇಲ್ಲ. ಉಳಿದ ಹೊತ್ತೆಲ್ಲ ಮಹಡಿಯ ಕೋಣೆಯಲ್ಲಿ ಹೆಡ್‌ಫೋನ್ ಏರಿಸಿಕೊಂಡು, ಲ್ಯಾಪ್‌ಟಾಪಿನ ಮುಂದೆ ಕುಳಿತು, ಒಂದೇ ಹಾಡಿನ ಒಂದೇ ತುಣುಕನ್ನು ನೂರಾರು ಬಾರಿ ಕೇಳುತ್ತಿದ್ದನು. ಕೇಳುವುದು, ಏನನ್ನೋ ತಿರುಗಿಸುವುದು, ತಲೆಯಾಡಿಸುವುದು, ಮತ್ತೆ ಕೇಳುವುದು. ಮೂರನೆಯ ದಿನ ಕುತೂಹಲವನ್ನು ತಡೆಯಲಾರದೆ ನಾನೇ ಮೆಟ್ಟಿಲು ಹತ್ತಿ ಹೋದೆ.

"ಏನಪ್ಪಾ ಮಾಡ್ತಾ ಇದ್ದೀಯೆ?"

"ಒಂದು ಬೇಸ್ ಕಟ್ತಾ ಇದ್ದೀನಿ, ಮಾವ."

"ಕಟ್ಟುವುದೇನು? ಅದು ಆಗಲೇ ಹಾಡಿನಲ್ಲಿ ಇದೆಯಲ್ಲ!"

"ಹಾಡಿನಲ್ಲಿ ಇದೆ, ಮಾವ. ನನ್ನ ಹತ್ತಿರ ಇಲ್ಲ."

"ಅಂದರೆ ಕಾಪಿ ಹೊಡೀತಾ ಇದ್ದೀಯೆ ಅನ್ನು."

ಈ ಮಾತು ನನ್ನ ಬಾಯಿಂದ ಸಲೀಸಾಗಿ ಹೊರಬಿದ್ದಿತು. ಬೀಳತಕ್ಕದ್ದೆ, ಏಕೆಂದರೆ ಹದಿನೆಂಟು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ನಾನು 'ಅನುಕರಣೆ' ಎಂಬ ಶಬ್ದವನ್ನು ಎಷ್ಟು ಉತ್ತರಪತ್ರಿಕೆಗಳ, ಎಷ್ಟು ಎಳೆಯರ ಕವಿತೆಗಳ ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದಿದ್ದೇನೋ ಲೆಕ್ಕವಿಲ್ಲ. ಹುಡುಗನು ಕೋಪಿಸಿಕೊಳ್ಳಲಿಲ್ಲ. ಒಂದು ಗಳಿಗೆ ಸುಮ್ಮನಿದ್ದು, "ಕಾಪಿ ಹೌದು ಮಾವ. ಆದರೆ ನೋಡಿ ಬರೆಯೋ ಕಾಪಿ ಅಲ್ಲ, ಕೇಳಿ ಬರೆಯೋ ಕಾಪಿ" ಎಂದನು. ಆ ಒಂದು ಗಳಿಗೆಯ ಮೌನದಲ್ಲಿ ಅವನ ಮುಖದ ಮೇಲೆ ಸುಳಿದ ಭಾವ ಮತ್ತೊಬ್ಬ ಹುಡುಗನ ಮುಖವನ್ನು ನನಗೆ ನೆನಪಿಗೆ ತಂದಿತು. ಆ ವಿಷಯವನ್ನು ಕೊನೆಯಲ್ಲಿ ಹೇಳುತ್ತೇನೆ. ನನ್ನ ಅಭಿಪ್ರಾಯವನ್ನು ಮಾತ್ರ ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಿವಿಯಿಂದ ಕೇಳಿ, ಸ್ವಂತ ಕೈಯಿಂದ ಕಟ್ಟುವ ಅನುಕರಣೆ ಕಲಿಯುವವನಿಗೆ ಅಪಮಾನವಲ್ಲ. ಅದು ಅವನ ಅಭ್ಯಾಸ. ಸಿದ್ಧವಸ್ತುವನ್ನು ಕೊಂಡು ತಂದು ಇಟ್ಟುಕೊಳ್ಳುವುದಕ್ಕೂ ಇದಕ್ಕೂ ಇರುವ ಅಂತರವನ್ನು ಅಧ್ಯಾಪಕರಾದ ನಾವು ಮರೆತಿದ್ದೇವೆ. ಮರೆತು ಕೆಲವರನ್ನು ನೋಯಿಸಿದ್ದೇವೆ.

ಈ ಸಂಗೀತದ ಪರಿಚಯ ವಾಚಕರಲ್ಲಿ ಅನೇಕರಿಗೆ ಇರಲಾರದು, ನನಗೂ ಇರಲಿಲ್ಲ. ನಮ್ಮ ಸಂಗೀತದಲ್ಲಿ ಮಂದ್ರವು ನೆಲವಿದ್ದಂತೆ. ತಂಬೂರಿಯ ಶ್ರುತಿಯ ಮೇಲೆ ಗಾಯಕನು ನಡೆದಾಡುತ್ತಾನೆಯೇ ಹೊರತು ನೆಲವನ್ನೇ ನೋಡಿರಿ ಎಂದು ಕರೆಯುವುದಿಲ್ಲ. ಅಮೆರಿಕದ ಷಿಕಾಗೊ, ಡಿಟ್ರಾಯಿಟ್ ನಗರಗಳಲ್ಲಿ 1980ರ ದಶಕದಲ್ಲಿ ಬೆಳೆದ ಯಂತ್ರವಾದ್ಯಗಳ ನೃತ್ಯಸಂಗೀತದಲ್ಲಿಯಾದರೋ ನೆಲವೇ ನಾಯಕ. ಮಾತು ಇರಬಹುದು, ಇಲ್ಲದಿರಬಹುದು. ಮಂದ್ರ ದನಿ ಮತ್ತು ಡ್ರಮ್ಮಿನ ಪೆಟ್ಟು ಇಲ್ಲದೆ ನಡೆಯದು. ಇದಕ್ಕೆ ದಾರಿ ತೋರಿದ ಕೃತಿಗಳಲ್ಲಿ ಡೊನ್ನಾ ಸಮರ್ ಹಾಡಿದ 'ಐ ಫೀಲ್ ಲವ್' ಮುಖ್ಯವಾದುದು. 1977ರಲ್ಲಿ ಹೊರಬಂದ ಈ ಹಾಡನ್ನು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಜಾರ್ಜಿಯೊ ಮೊರೊಡರ್ ಮತ್ತು ಪೀಟ್ ಬೆಲಟ್ ಅವರು ಮೂಗ್ ಸಿಂಥಸೈಜರಿನಿಂದ ಕಟ್ಟಿದರು. ಅದರ ಮಂದ್ರವು ಓಡುವ ಕುದುರೆಯ ಖುರಪುಟದಂತೆ ಕೇಳುತ್ತದೆ. ಅಷ್ಟು ವೇಗವಾಗಿ ಯಾರೂ ಅದನ್ನು ನುಡಿಸಿಲ್ಲ. ಒಂದೊಂದು ಸ್ವರವೂ ಒಂದು ಕಡೆ ನುಡಿದು, ಅದರ ಪ್ರತಿಧ್ವನಿ ಕ್ಷಣಾರ್ಧ ತಡವಾಗಿ ಇನ್ನೊಂದು ಕಡೆ ನುಡಿಯುತ್ತದೆ. ಸ್ವರ ಮತ್ತು ಅದರ ನೆರಳು ಕೂಡಿದಾಗ ವೇಗ ಇಮ್ಮಡಿಯಾಗಿ ತೋರುತ್ತದೆ. ಇದನ್ನು ಕಂಡುಕೊಳ್ಳದೆ ಆ ಮಂದ್ರವನ್ನು ಅನುಕರಿಸ ಹೊರಟವನು ಬೆರಳನ್ನು ಎಷ್ಟು ದಣಿಸಿಕೊಂಡರೂ ಫಲವಿಲ್ಲ. ಅನುಕರಣೆಗೂ ಮೊದಲು ಅರ್ಥವಾಗಬೇಕು ಎಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ಹುಡುಗನು ಹಿಡಿದಿದ್ದ ಮಾದರಿ ಬೇರೆ. ಡಿಟ್ರಾಯಿಟಿನ ಕೆವಿನ್ ಸಾಂಡರ್‌ಸನ್ 'ರೀಸ್' ಎಂಬ ಹೆಸರಿನಿಂದ 1988ರಲ್ಲಿ ಹೊರತಂದ 'ಜಸ್ಟ್ ವಾಂಟ್ ಅನದರ್ ಚಾನ್ಸ್' ಎಂಬ ಕೃತಿಯ ಮಂದ್ರ ಅದು. ಆ ಬಗೆಯ ದನಿಗೆ ಇಂದಿಗೂ 'ರೀಸ್ ಬೇಸ್' ಎಂದೇ ಹೆಸರು. ಹೆಡ್‌ಫೋನನ್ನು ನನ್ನ ಕಿವಿಗೆ ಇಟ್ಟನು. ಗವಿಯೊಳಗಿಂದ ಬರುವಂತಹ, ನಿಂತಲ್ಲಿಯೇ ನಿಂತು ಮೆಲ್ಲಗೆ ಹೊರಳುವಂತಹ ದನಿ. ಸ್ವರ ಬದಲಾಗುವುದಿಲ್ಲ, ಆದರೂ ಒಳಗೆ ಏನೋ ಚಲಿಸುತ್ತಿರುತ್ತದೆ. "ಏನು ಚಲಿಸ್ತಾ ಇದೆ, ಹೇಳಿ ಮಾವ" ಎಂದನು. ನಾನು ಪರೀಕ್ಷೆಯಲ್ಲಿ ಕುಳಿತ ವಿದ್ಯಾರ್ಥಿಯಂತೆ ತಬ್ಬಿಬ್ಬಾದೆ.

ಉತ್ತರವನ್ನು ಅವನೇ ಹೇಳಿದನು. ಹೇಳಿದಾಗ ಅದು ನನಗೆ ತಿಳಿದ ವಿಷಯವೇ ಆಗಿತ್ತು. ತಂಬೂರಿಯನ್ನು ಶ್ರುತಿ ಮಾಡುವುದನ್ನು ಕಂಡವರೆಲ್ಲರೂ ಇದನ್ನು ಬಲ್ಲರು. ನಡುವಣ ಎರಡು ತಂತಿಗಳು ಒಂದಕ್ಕೊಂದು ಸಮೀಪ ಬಂದು, ಇನ್ನೂ ಪೂರ್ತಿ ಕೂಡದೆ ಇರುವಾಗ ದನಿಯಲ್ಲಿ ಒಂದು ಅಲೆ ಏಳುತ್ತದೆ. ತಂತಿಗಳು ಹತ್ತಿರವಾದಂತೆ ಅಲೆ ನಿಧಾನವಾಗಿ, ಕೂಡಿದೊಡನೆ ನಿಂತುಬಿಡುತ್ತದೆ. ಶ್ರುತಿ ಮಾಡುವವನು ಆ ಅಲೆಯನ್ನು ಕಳೆಯಬೇಕೆಂದು ಶ್ರಮಿಸುತ್ತಾನೆ. ರೀಸ್ ಬೇಸನ್ನು ಕಟ್ಟುವವನು ಅದನ್ನೇ ಉಳಿಸಿಕೊಳ್ಳುತ್ತಾನೆ. ಸಿಂಥಸೈಜರಿನಲ್ಲಿ ದನಿ ಹುಟ್ಟಿಸುವ ಭಾಗಕ್ಕೆ ಆಸಿಲೇಟರ್ ಎಂದು ಹೆಸರು. ಅಂತಹವು ಎರಡನ್ನು ಒಂದೇ ಸ್ವರಕ್ಕೆ ಇಟ್ಟು, ಒಂದನ್ನು ಕೂದಲೆಳೆಯಷ್ಟು ಸರಿಸಿದರೆ ಹೊರಳಾಟ ಆರಂಭವಾಗುತ್ತದೆ.

ಇದರ ಲೆಕ್ಕ ಸ್ವಾರಸ್ಯವಾಗಿದೆ. ಆಸಿಲೇಟರು ಹೊರಡಿಸುವ ಅಲೆಗಳಲ್ಲಿ ಗರಗಸದ ಹಲ್ಲಿನ ಆಕಾರದ್ದು ಒಂದುಂಟು. ಅದರಲ್ಲಿ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನವುಳ್ಳ ಉಪಸ್ವರಗಳೆಲ್ಲವೂ ಕ್ರಮವಾಗಿ ಕ್ಷೀಣಿಸುತ್ತ ಇರುತ್ತವೆ. ಒಂದು ಆಸಿಲೇಟರು ಸೆಕೆಂಡಿಗೆ 55 ಬಾರಿ, ಇನ್ನೊಂದು ಐವತ್ತೈದೂವರೆ ಬಾರಿ ಕಂಪಿಸಲಿ. ಮೂಲಸ್ವರದಲ್ಲಿ ಎರಡು ಸೆಕೆಂಡಿಗೆ ಒಂದು ಅಲೆ ಏಳುತ್ತದೆ. ಎರಡನೆಯ ಉಪಸ್ವರವು ಒಂದರಲ್ಲಿ 110, ಇನ್ನೊಂದರಲ್ಲಿ 111. ಅಲ್ಲಿ ಸೆಕೆಂಡಿಗೊಂದು ಅಲೆ. ಹತ್ತನೆಯದು 550 ಮತ್ತು 555. ಅಲ್ಲಿ ಸೆಕೆಂಡಿಗೆ ಐದು. ಹೀಗೆ ಒಂದೊಂದು ಪದರವೂ ತನ್ನದೇ ಗತಿಯಲ್ಲಿ ಉಬ್ಬಿ ಇಳಿಯುವುದರಿಂದ ಇಡೀ ದನಿ ಉಸಿರಾಡುವಂತೆ ತೋರುತ್ತದೆ. ಕೂದಲೆಳೆಯಷ್ಟು ಅಪಶ್ರುತಿಯಿಂದ ಜೀವ ಬರುತ್ತದೆ ಎಂಬ ಮಾತು ಶ್ರುತಿಶುದ್ಧಿಯಲ್ಲಿ ಬೆಳೆದ ನಮಗೆ ವಿಚಿತ್ರವಾಗಿ ಕಂಡರೂ ಕಿವಿ ಅದನ್ನು ಒಪ್ಪುತ್ತದೆ.

ಮುಂದಿನ ಮೂರು ದಿನ ನಾನು ಅವನ ಪಕ್ಕದಲ್ಲಿಯೇ ಕುಳಿತೆ. ಒಂದು ದನಿಯನ್ನು ಕೇಳಿ ಕಟ್ಟುವವನು ತನ್ನನ್ನು ತಾನು ಕೇಳಿಕೊಳ್ಳುವ ಪ್ರಶ್ನೆಗಳು ಇಷ್ಟೊಂದು ಇವೆಯೆಂದು ನನಗೆ ಗೊತ್ತಿರಲಿಲ್ಲ. ಮೊದಲು ಸ್ವರ ಯಾವುದು? ಅದನ್ನು ಬಾಯಲ್ಲಿ ಹಾಡಿ ಹಿಡಿಯಬೇಕು. ಆಮೇಲೆ ದನಿಯ ಮೈ ಎಂತಹುದು? ತುಂಬಿ ಒರಟಾಗಿದ್ದರೆ ಗರಗಸದ ಅಲೆಯಿರಬಹುದು. ಕ್ಲಾರಿನೆಟ್ಟಿನಂತೆ ಟೊಳ್ಳಾಗಿದ್ದರೆ ಒಂದು, ಮೂರು, ಐದು ಎಂಬ ಬೆಸ ಉಪಸ್ವರಗಳನ್ನು ಮಾತ್ರ ಉಳ್ಳ ಚೌಕದ ಅಲೆಯಿರಬಹುದು. ಮೇಲಿನ ಉಪಸ್ವರಗಳನ್ನು ತಡೆದು ಕೆಳಗಿನವನ್ನು ಒಳಗೆ ಬಿಡುವ ಬಾಗಿಲೊಂದಿದೆ, ಅದೇ ಫಿಲ್ಟರು. ಆ ಬಾಗಿಲು ಎಷ್ಟು ತೆರೆದಿದೆ? ತೆರೆದೇ ಇದೆಯೋ, ಪ್ರತಿ ಸ್ವರಕ್ಕೂ ತೆರೆದು ಮುಚ್ಚುತ್ತದೆಯೋ? ದನಿ ಥಟ್ಟನೆ ಹುಟ್ಟುತ್ತದೆಯೋ, ಏರಿ ಬರುತ್ತದೆಯೋ? ಬಿಟ್ಟ ಮೇಲೆ ಉಳಿಯುತ್ತದೆಯೋ, ಕಡಿದು ಬೀಳುತ್ತದೆಯೋ? ಲಂಡನ್ನಿನಲ್ಲಿ ಬೆಳೆದ ಡಬ್‌ಸ್ಟೆಪ್ ಎಂಬ ಪ್ರಕಾರದಲ್ಲಿ 'ವವ್ ವವ್' ಎಂದು ಓಲಾಡುವ ಮಂದ್ರವೊಂದಿದೆ. ಅಲ್ಲಿ ಕಿವಿಗೆ ಕೇಳದಷ್ಟು ನಿಧಾನವಾದ ಇನ್ನೊಂದು ಅಲೆಯು ಈ ಬಾಗಿಲನ್ನು ತಾಳಕ್ಕೆ ಸರಿಯಾಗಿ ತೆರೆದು ಮುಚ್ಚುತ್ತಿರುತ್ತದೆ.

ಇಷ್ಟಾದರೂ ಕೆಲವು ದನಿಗಳು ಕೈಗೆ ಹತ್ತುವುದಿಲ್ಲ. ಗಂಟೆಯ ನಾದದ ಲೋಹದ ಅಂಶ ಬೆರೆತ ಮಂದ್ರವನ್ನು ಫಿಲ್ಟರನ್ನು ಎಷ್ಟು ತಿರುಗಿಸಿದರೂ ಪಡೆಯುವುದು ಕಷ್ಟ. ಅದರ ಕುಲವೇ ಬೇರೆ. ಒಂದು ಅಲೆಯ ಕಂಪನವನ್ನು ಮತ್ತೊಂದು ಅಲೆಯಿಂದ ಅತಿವೇಗವಾಗಿ ಅಲುಗಿಸಿದರೆ ಹೊಸ ದನಿಗಳು ಹುಟ್ಟುತ್ತವೆ ಎಂಬುದನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡರು. 1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ಆ ತತ್ತ್ವದ ಮೇಲೆ ನಡೆಯುವ ವಾದ್ಯ. ಆದುದರಿಂದ ದನಿಯನ್ನು ಕೇಳಿದೊಡನೆ ಅದು ಹುಟ್ಟಿದ ಬಗೆಯನ್ನು ಊಹಿಸಬೇಕಾಗುತ್ತದೆ. ನಾವು ಒಂದು ವಚನವನ್ನೋ ಷಟ್ಪದಿಯನ್ನೋ ಕೈಗೆತ್ತಿಕೊಂಡು ಇದರ ಛಂದಸ್ಸೇನು, ಕಾಲವೇನು, ಸಂಪ್ರದಾಯವೇನು ಎಂದು ವಿಚಾರಿಸುವುದಿಲ್ಲವೆ? ಹುಡುಗನು ಮಾಡುತ್ತಿದ್ದುದು ಅದೇ ಕೆಲಸ. ನಮ್ಮ ಪದವಿ ತರಗತಿಗಳಲ್ಲಿ ಒಂದು ಪದ್ಯವನ್ನು ಇಷ್ಟು ಸಲ, ಇಷ್ಟು ಪ್ರಶ್ನೆಗಳೊಡನೆ ಓದುವ ವಿದ್ಯಾರ್ಥಿ ಸಿಕ್ಕಿದರೆ ನಾನು ಧನ್ಯನೆಂದುಕೊಳ್ಳುತ್ತೇನೆ.

ಆರನೆಯ ದಿನ ಅವನು ಕಟ್ಟಿದ ದನಿಯನ್ನು ನನ್ನ ಮೊಬೈಲಿಗೆ ಕಳುಹಿಸಿದನು. ನಾನು ಅಂಗಳದಲ್ಲಿ ನಿಂತು ಹಾಕಿದೆ. ಏನೂ ಕೇಳಿಸಲಿಲ್ಲ! "ಎಲ್ಲೋ ನಿನ್ನ ಮಂದ್ರ?" ಎಂದೆ. ಕಾರಣವಿತ್ತು. ಮೊಬೈಲಿನ ಪುಟ್ಟ ಸ್ಪೀಕರು ಸೆಕೆಂಡಿಗೆ ಐವತ್ತು, ಅರವತ್ತು ಕಂಪನಗಳ ದನಿಯನ್ನು ಹೊರಡಿಸಲಾರದು. ಆದರೆ ಮನುಷ್ಯನ ಶ್ರವಣಕ್ಕೆ ಒಂದು ವಿಚಿತ್ರ ಶಕ್ತಿಯಿದೆ. ಮೂಲಸ್ವರವೇ ಇಲ್ಲದಿದ್ದರೂ ಅದರ ಉಪಸ್ವರಗಳು ಕೇಳಿಸಿದರೆ ಸಾಕು, ಇಲ್ಲದ ಮೂಲವನ್ನು ಅದು ತಾನೇ ಊಹಿಸಿ ಕೇಳಿಬಿಡುತ್ತದೆ. ಹುಡುಗನು ದನಿಗೆ ಸ್ವಲ್ಪ ಒರಟುತನವನ್ನು ಬೆರೆಸಿದನು. ಅದರಿಂದ ಮೇಲಿನ ಉಪಸ್ವರಗಳು ಎದ್ದುವು. ಅದೇ ಮೊಬೈಲಿನಲ್ಲಿ ಮಂದ್ರ ಕೇಳಿಸಿತು. ಅಲಂಕಾರಶಾಸ್ತ್ರದ ಪಾಠದಲ್ಲಿ 'ಹೇಳದೆ ಹೊಳೆಯಿಸುವುದು ಧ್ವನಿ' ಎಂದು ನಾನು ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಇಲ್ಲದ ಸ್ವರವು ಹೊಳೆದುದನ್ನು ಕಿವಿಯಾರೆ ಕೇಳಿದ್ದು ಅಂದೇ.

ಇಷ್ಟು ಪಟ್ಟರೂ ದನಿ ಮಾದರಿಯಂತೆಯೇ ಆಯಿತೆ? ಆಗಲಿಲ್ಲ. ಸಾಂಡರ್‌ಸನ್ ಬಳಸಿದ್ದು ಕ್ಯಾಸಿಯೊ ಕಂಪನಿಯ ಸಿಜೆಡ್ ಮಾದರಿಯ ವಾದ್ಯ. ಅದು ಅಲೆಗಳನ್ನು ರೂಪಿಸುವ ಕ್ರಮವೇ ಬೇರೆ. ಅದಲ್ಲದೆ ಧ್ವನಿಮುದ್ರಣದಲ್ಲಿ ನಾವು ಕೇಳುವುದು ವಾದ್ಯವನ್ನು ಮಾತ್ರವಲ್ಲ. ಅದು ಹಾದುಬಂದ ಉಪಕರಣಗಳನ್ನೂ, ಪಕ್ಕದಲ್ಲಿ ನುಡಿಯುವ ಡ್ರಮ್ಮನ್ನೂ, ಮಿಶ್ರಣ ಮಾಡಿದವನ ಕೈಯನ್ನೂ ಒಟ್ಟಾಗಿ ಕೇಳುತ್ತೇವೆ. ಹುಡುಗನ ದನಿ ಅದರ ನಂಟನಂತೆ ಇತ್ತು, ಅದೇ ಆಗಿರಲಿಲ್ಲ. ಅವನಿಗೆ ನಿರಾಶೆಯಾಯಿತು. ನನಗೆ ಮಾತ್ರ ಅಲ್ಲಿಯೇ ಮುಖ್ಯವಾದ ಪ್ರಶ್ನೆ ಇದೆ ಎನಿಸಿತು: ಅನುಕರಣೆ ಎಲ್ಲಿ ಸೋಲುತ್ತದೆಯೋ ಅಲ್ಲಿ ಏನು ಉಳಿಯುತ್ತದೆ?

ಈ ಪ್ರಶ್ನೆಗೆ ಇದೇ ಸಂಗೀತದ ಚರಿತ್ರೆಯಲ್ಲಿ ಒಂದು ಸೊಗಸಾದ ಉತ್ತರವಿದೆ. ಜಪಾನಿನ ರೋಲಂಡ್ ಕಂಪನಿ 1981ರಲ್ಲಿ ಟಿಬಿ-303 ಎಂಬ ಪುಟ್ಟ ಯಂತ್ರವನ್ನು ಹೊರತಂದಿತು. ತದಾಓ ಕಿಕುಮೊಟೊ ಅದರ ನಿರ್ಮಾತೃ. ಬೇಸ್ ಗಿಟಾರ್ ನುಡಿಸುವ ಜೊತೆಗಾರನು ಸಿಗದ ಗಿಟಾರ್ ವಾದಕರಿಗೆ ಅವನ ಬದಲಾಗಿ ನುಡಿಯಬೇಕೆಂಬುದು ಅದರ ಉದ್ದೇಶ. ಎಂದರೆ ಅದು ಹುಟ್ಟಿನಿಂದಲೇ ಅನುಕರಣೆಯ ಯಂತ್ರ. ಅನುಕರಣೆಯಲ್ಲಿ ಅದು ಪೂರ್ತಿಯಾಗಿ ಸೋತಿತು. ಯಾರ ಕಿವಿಗೂ ಅದು ಬೇಸ್ ಗಿಟಾರಿನಂತೆ ಕೇಳಿಸಲಿಲ್ಲ. ಸುಮಾರು ಹತ್ತು ಸಾವಿರ ಯಂತ್ರಗಳಾದ ಮೇಲೆ 1984ರಲ್ಲಿ ತಯಾರಿಕೆಯನ್ನು ನಿಲ್ಲಿಸಿದರು. ಅವು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಮಾರಾಟವಾದುವು. ಷಿಕಾಗೊ ನಗರದ 'ಫ್ಯೂಚರ್' ಎಂಬ ತಂಡದ ಯುವಕರ ಕೈಗೆ ಅಂತಹದೊಂದು ಸಿಕ್ಕಿತು. ಅವರು ಅದು ನುಡಿಯುತ್ತಿರುವಾಗಲೇ ಅದರ ಗುಬುಟುಗಳನ್ನು ತಿರುಗಿಸುತ್ತ ಹೋದರು. ಫಿಲ್ಟರು ತೆರೆದು ಮುಚ್ಚಿ, ದನಿ ಚೀರಿ, ಬುಳುಬುಳು ಎಂದು ಹೊರಳಿತು. 1987ರಲ್ಲಿ ಹೊರಬಂದ 'ಆಸಿಡ್ ಟ್ರ್ಯಾಕ್ಸ್' ಹನ್ನೊಂದು ನಿಮಿಷಕ್ಕೂ ಮಿಕ್ಕ ಕೃತಿ. ಅದರಿಂದ ಒಂದು ಪ್ರಕಾರಕ್ಕೆ ಹೆಸರೇ ಬಂದಿತು. ಇಂದು ಆ ಸೋತ ಅನುಕರಣೆಯನ್ನೇ ಲೋಕವೆಲ್ಲ ಅನುಕರಿಸುತ್ತಿದೆ. 2016ರಲ್ಲಿ ರೋಲಂಡ್ ಕಂಪನಿಯೇ ತನ್ನ ಹಳೆಯ ಯಂತ್ರವನ್ನು ಅನುಕರಿಸುವ ಹೊಸದೊಂದನ್ನು ಮಾರಾಟಕ್ಕಿಟ್ಟಿತು!

ನಮ್ಮ ದೇಶದ ಕಥೆಯೊಂದು ಇದಕ್ಕೆ ಹೊಂದಿಕೊಂಡಿದೆ. ಮುಂಬಯಿಯ ಚಿತ್ರಸಂಗೀತದ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಅವರು ಇದೇ ಟಿಬಿ-303 ಯಂತ್ರವನ್ನು ತಂದು, ಭೈರವಿ, ಲಲಿತ್, ಯಮನ್, ಮಾಲ್‌ಕೌಂಸ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಹೊಂದಿಸಿ 1982ರಲ್ಲಿ ಒಂದು ಧ್ವನಿಮುದ್ರಿಕೆಯನ್ನು ಹೊರತಂದರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣ ಆ ಯಂತ್ರಕ್ಕಿತ್ತು; ಜಾರು ನಮ್ಮ ಸಂಗೀತದ ಜೀವವಲ್ಲವೆ? ಆಗ ಅದನ್ನು ಕೇಳಿದವರು ಕೆಲವರು. 2010ರಲ್ಲಿ ಅದು ಮರುಮುದ್ರಣವಾದಾಗ, ಷಿಕಾಗೊಗಿಂತ ಐದು ವರ್ಷ ಮೊದಲೇ ಇಂತಹ ದನಿ ಮುಂಬಯಿಯಲ್ಲಿ ಹುಟ್ಟಿತ್ತಲ್ಲ ಎಂದು ಯೂರೋಪಿನ ರಸಿಕರು ಬೆರಗಾದರು. ಸಿಂಗ್ ಅವರು 2015ರಲ್ಲಿ ತೀರಿಕೊಂಡರು. ಅವರು ಹೊಸದೊಂದು ಪ್ರಕಾರವನ್ನು ಸೃಷ್ಟಿಸುತ್ತೇನೆಂದು ಹೊರಟವರಲ್ಲ. ಕೈಯಲ್ಲಿದ್ದ ಯಂತ್ರದಿಂದ ತಮಗೆ ತಿಳಿದ ರಾಗವನ್ನು ನುಡಿಸಲು ಹೊರಟರು. ರಾಗ ರಾಗವಾಗಿ ಉಳಿಯಿತು, ಜೊತೆಗೆ ಬೇರೊಂದೂ ಆಯಿತು.

ಈಗ ಶಾಸ್ತ್ರದ ಮಾತಿಗೆ ಬರೋಣ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿದ್ದ ಆನಂದವರ್ಧನನು ಧ್ವನ್ಯಾಲೋಕದ ಕೊನೆಯ ಉದ್ಯೋತದಲ್ಲಿ ಕವಿಗಳ ನಡುವಣ ಹೋಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ಕನ್ನಡಿಯೊಳಗಿನ ಪ್ರತಿಬಿಂಬದಂತಹುದು, ಚಿತ್ರದಂತಹುದು, ಒಬ್ಬ ಮನುಷ್ಯನನ್ನು ಇನ್ನೊಬ್ಬ ಮನುಷ್ಯನು ಹೋಲುವಂತಹುದು. ಮೊದಲನೆಯದಕ್ಕೆ ಸ್ವಂತ ಆತ್ಮವಿಲ್ಲ. ಎರಡನೆಯದರ ಆತ್ಮ ತುಚ್ಛ. ಮೂರನೆಯದನ್ನು ಕವಿಯು ಬಿಡಬೇಕಾಗಿಲ್ಲ ಎಂಬುದು ಅವನ ತೀರ್ಮಾನ. ಈ ಮೂರೂ ನಮ್ಮ ಮಂದ್ರ ದನಿಗೆ ಅಂದವಾಗಿ ಅನ್ವಯಿಸುತ್ತವೆ. ಧ್ವನಿಮುದ್ರಣದಿಂದ ತುಣುಕನ್ನು ಕತ್ತರಿಸಿ ಅಂಟಿಸಿಕೊಳ್ಳುವ 'ಸ್ಯಾಂಪಲ್' ಪ್ರತಿಬಿಂಬ. ಕೇಳಿ, ಊಹಿಸಿ, ಹೊಸದಾಗಿ ಕಟ್ಟುವುದು ಚಿತ್ರ. ಕಟ್ಟಿ ಕಲಿತವನು ತನ್ನ ಹಾಡಿಗೆ ತಾನೇ ರೂಪಿಸಿಕೊಳ್ಳುವ ದನಿ ಮೂರನೆಯದು. ಅಮೆರಿಕದ 1976ರ ಕೃತಿಸ್ವಾಮ್ಯ ಕಾನೂನು ಕೂಡ ಮೊದಲೆರಡರ ನಡುವೆ ಗೆರೆ ಎಳೆಯುತ್ತದೆ. ಧ್ವನಿಮುದ್ರಣದ ಒಡೆಯನ ಹಕ್ಕು ಆ ಮುದ್ರಿತ ಶಬ್ದಕ್ಕೇ ಸೀಮಿತ. ಬೇರೊಬ್ಬನು ಅದನ್ನು ಹೋಲುವ ಶಬ್ದವನ್ನು ತಾನೇ ಹೊಸದಾಗಿ ನುಡಿಸಿ ಮುದ್ರಿಸಿಕೊಂಡರೆ ಆ ಹಕ್ಕಿಗೆ ಭಂಗವಿಲ್ಲ. ರಾಗರಚನೆಯ ಹಕ್ಕು ಪ್ರತ್ಯೇಕವಾದುದು, ಅದು ರಚಿಸಿದವನದೇ.

ಆಚಾರ್ಯನ ಮಾತಿಗೆ ನನ್ನದೊಂದು ಅಲ್ಪ ತಿದ್ದುಪಡಿಯಿದೆ. ಅವನು ಹೇಳುತ್ತಿರುವುದು ಕವಿಗೆ, ಕಲಿಯುವವನಿಗಲ್ಲ. ಮಮ್ಮಟನು ಕಾವ್ಯದ ಹೇತುವನ್ನು ಹೇಳುವಾಗ ಶಕ್ತಿ, ನಿಪುಣತೆಗಳೊಡನೆ ಅಭ್ಯಾಸವನ್ನೂ ಸೇರಿಸಿ ಮೂರನ್ನೂ ಒಂದಾಗಿಸಿದ್ದಾನೆ. ಆ ಅಭ್ಯಾಸ ಚಿತ್ರ ಬರೆಯುವುದರಿಂದಲ್ಲದೆ ಬೇರೆ ಯಾವುದರಿಂದ ಆದೀತು? ಕೃತಿಯಾಗಿ ತುಚ್ಛವಾದದ್ದು ಸಾಧನೆಯಾಗಿ ತುಚ್ಛವಲ್ಲ. ತೀರ್ಪುಗಾರನ ಕಣ್ಣಿಗೂ ಗುರುವಿನ ಕಣ್ಣಿಗೂ ಇರಬೇಕಾದ ವ್ಯತ್ಯಾಸ ಇದೇ.

ಪ್ರತಿಬಿಂಬವನ್ನೂ ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಅದೇ ರೀಸ್ ಬೇಸನ್ನು ಇಂಗ್ಲೆಂಡಿನಲ್ಲಿ 'ರೆನಿಗೇಡ್' ಎಂಬ ಹೆಸರಿನಿಂದ 1994ರಲ್ಲಿ ಬಂದ 'ಟೆರರಿಸ್ಟ್' ಎಂಬ ಕೃತಿ ಸ್ಯಾಂಪಲಾಗಿಯೇ ಎತ್ತಿಕೊಂಡಿತು. ವೇಗವಾದ ಮುರಿದ ಡ್ರಮ್ಮಿನ ಕೆಳಗೆ ಆ ನಿಧಾನದ ಹೊರಳಾಟವನ್ನು ಇಟ್ಟಾಗ ಅದು ಬೇರೆಯೇ ಆಗಿ ಕೇಳಿಸಿತು. ಜಂಗಲ್, ಡ್ರಮ್ ಅಂಡ್ ಬೇಸ್ ಎಂಬ ಪ್ರಕಾರಗಳಲ್ಲಿ ಆ ದನಿ ಮನೆಮಾಡಿತು. ಎಂದರೆ, ಎತ್ತಿಕೊಂಡದ್ದು ಏನು ಎಂಬುದಕ್ಕಿಂತ ಎಲ್ಲಿ, ಏತಕ್ಕಾಗಿ ಇಟ್ಟರು ಎಂಬುದು ಹೆಚ್ಚಿನದಾಗುವ ಸಂದರ್ಭಗಳಿವೆ. ಆದರೆ ಅದನ್ನು ಇಡುವ ಜಾಗವನ್ನು ಕಾಣಲು ಕೂಡ ಕೇಳಿ ಪಳಗಿದ ಕಿವಿ ಬೇಕು.

ಕನ್ನಡಿಗರಾದ ನಾವಂತೂ ಈ ವಿಷಯದಲ್ಲಿ ಮೂಗು ಮುರಿಯುವ ಸ್ಥಿತಿಯಲ್ಲಿಲ್ಲ. ನಮಗೆ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿದುದು; ಅನುಸರಿಸುತ್ತಲೇ ಕನ್ನಡ ನಾಡನ್ನೂ ನುಡಿಯನ್ನೂ ಕುರಿತು ದಂಡಿ ಹೇಳಿರಲಾಗದುದನ್ನು ಹೇಳಿತು. ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಭಾವಗೀತೆಯ ನಾದವನ್ನು ಕನ್ನಡದ ಮಾತ್ರೆಗಳಲ್ಲಿ ಮತ್ತೆ ಕಟ್ಟುವ ಆ ಪ್ರಯತ್ನದಿಂದ ಹೊಸಗನ್ನಡ ಕವಿತೆಗೆ ಹೊಸ ನಡಿಗೆ ಬಂದಿತು. ಅದನ್ನು ಯಾರಾದರೂ ಕಾಪಿ ಎಂದು ಕರೆದು ಬದಿಗಿಟ್ಟಿದ್ದರೆ ನಮ್ಮ ಪಠ್ಯಪುಸ್ತಕಗಳ ಅರ್ಧ ಹಾಳೆಗಳು ಖಾಲಿಯಿರುತ್ತಿದ್ದುವು.

ಹಾಗಾದರೆ ಆಕ್ಷೇಪಿಸತಕ್ಕದ್ದು ಯಾವುದನ್ನು? ಇಂದು ಯಾವ ಪ್ರಸಿದ್ಧ ಹಾಡಿನ ಮಂದ್ರ ಬೇಕೆಂದರೂ ಅದನ್ನು ಹೋಲುವಂತೆ ಗುಬುಟುಗಳನ್ನೆಲ್ಲ ಮೊದಲೇ ತಿರುಗಿಸಿಟ್ಟ 'ಪ್ರಿಸೆಟ್'ಗಳು ಹಣಕ್ಕೆ ಸಿಗುತ್ತವೆ. ಇನ್ನೂ ಮುಂದೆ ಹೋಗಿ, ಎರಡು ಸಾಲು ಬರೆದುಕೊಟ್ಟರೆ ಇಡೀ ಹಾಡನ್ನೇ ಕಟ್ಟಿಕೊಡುವ ಕೃತಕ ಬುದ್ಧಿಯ ತಂತ್ರಾಂಶಗಳೂ ಬಂದಿವೆ. ನಮ್ಮ ವಿದ್ಯಾರ್ಥಿಗಳು ಪ್ರಬಂಧಗಳನ್ನು ಬರೆಸಿಕೊಳ್ಳುತ್ತಿರುವುದೂ ಹೀಗೆಯೇ. ಕೆಲಸದ ಅವಸರವುಳ್ಳ ಸಂಗೀತಗಾರನು ಪ್ರಿಸೆಟ್ಟನ್ನು ಬಳಸಿದರೆ ನಾನು ತಪ್ಪೆನ್ನಲಾರೆ. ಅಡಿಗೆಯವನು ಪ್ರತಿದಿನ ಮೆಣಸಿನಪುಡಿಯನ್ನು ತಾನೇ ಕುಟ್ಟಬೇಕೆಂಬ ಹಟ ನನಗಿಲ್ಲ. ಆದರೆ ಕಲಿಯುವ ವಯಸ್ಸಿನಲ್ಲಿ ಅದನ್ನು ಕೊಂಡುಕೊಂಡವನಿಗೆ ದನಿ ಸಿಕ್ಕಿತೇ ಹೊರತು ಕಿವಿ ಸಿಕ್ಕಲಿಲ್ಲ. ನನ್ನ ಸೋದರಳಿಯನ ದನಿ ಮಾದರಿಯಷ್ಟು ಚೆನ್ನಾಗಿಲ್ಲದಿರಬಹುದು. ಹದಿನೈದು ದಿನದಲ್ಲಿ ಅವನ ಕಿವಿ ಮಾತ್ರ ಬದಲಾಗಿತ್ತು. ಹೊರಡುವ ಹಿಂದಿನ ಸಂಜೆ ದೇವಸ್ಥಾನದಲ್ಲಿ ಕಛೇರಿಯೊಂದಕ್ಕೆ ಹೋಗಿದ್ದೆವು. ಮೃದಂಗದವರು ಎಡಮುಖಕ್ಕೆ ರವೆಯ ಹಿಟ್ಟನ್ನು ಒತ್ತಿ, ತಟ್ಟಿ, ಸ್ವಲ್ಪ ಕೆರೆದು, ಮತ್ತೆ ತಟ್ಟುತ್ತಿದ್ದರು. "ಮಾವ, ಅವರೂ ಬೇಸ್ ಕಟ್ತಾ ಇದ್ದಾರೆ" ಎಂದು ಪಿಸುಗುಟ್ಟಿದನು. ಮೂವತ್ತು ವರ್ಷಗಳಿಂದ ಕಛೇರಿ ಕೇಳುತ್ತಿರುವ ನಾನು ಆ ರವೆಯ ಕಡೆ ಗಮನವಿಟ್ಟು ನೋಡಿದ್ದು ಅದೇ ಮೊದಲು.

ಇನ್ನು ಮೊದಲು ಹೇಳಿದ ಆ ಇನ್ನೊಬ್ಬ ಹುಡುಗನ ವಿಷಯ. ಹತ್ತು ವರ್ಷಗಳ ಹಿಂದಿನ ಮಾತು. ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾನು ಸಂಪಾದಕ. ಎರಡನೆಯ ವರ್ಷದ ಬಿ. ಎ. ವಿದ್ಯಾರ್ಥಿಯೊಬ್ಬನು ನೀಳ್ಗವಿತೆಯೊಂದನ್ನು ತಂದುಕೊಟ್ಟನು. ಹಳ್ಳಿಯ ಹುಡುಗ, ಪಠ್ಯದಲ್ಲಿದ್ದ ಹಿರಿಯ ಕವಿಯೊಬ್ಬರನ್ನು ಹಚ್ಚಿಕೊಂಡಿದ್ದನು. ಪದಗಳ ಜೋಡಣೆ, ಸಾಲು ಮುರಿಯುವ ರೀತಿ, ಉಸಿರಿನ ಏರಿಳಿತ ಎಲ್ಲವೂ ಆ ಕವಿಯವು. ನಾನು ಅದನ್ನು ತರಗತಿಯಲ್ಲಿಯೇ ಹಿಂದಿರುಗಿಸಿ, "ಇದು ನಿನ್ನದಲ್ಲಪ್ಪಾ, ಅವರದು. ನಿನ್ನದನ್ನು ತಾ" ಎಂದೆ. ಕೆಲವರು ನಕ್ಕರು. ಅವನು ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡನು. ಆ ಮೇಲೆ ಅವನು ಏನನ್ನೂ ತರಲಿಲ್ಲ.

ನನ್ನ ಮಾತು ಸುಳ್ಳಾಗಿರಲಿಲ್ಲ, ಕವಿತೆ ಅವನದಾಗಿರಲಿಲ್ಲ. ಆದರೆ ಒಬ್ಬ ಮಹಾಕವಿಯ ಉಸಿರಾಟವನ್ನು ಹತ್ತೊಂಬತ್ತು ವರ್ಷದ ಹುಡುಗನು ಅಷ್ಟು ನಿಖರವಾಗಿ ಕೇಳಿಸಿಕೊಂಡಿದ್ದನಲ್ಲ, ಅದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಅದು ಎಲ್ಲೆಲ್ಲಿ ಮಾದರಿಯಿಂದ ಕೂದಲೆಳೆಯಷ್ಟು ಸರಿದಿತ್ತೋ ಅಲ್ಲಿ ಬೆರಳಿಟ್ಟು, "ಇಲ್ಲಿ ನೀನಿದ್ದೀಯೆ" ಎಂದು ತೋರಿಸುವುದು ನನ್ನ ಕೆಲಸವಾಗಿತ್ತು. ಸಂಬಳ ಬರುತ್ತಿದ್ದುದು ಆ ಕೆಲಸಕ್ಕೆ.

ಅವನು ಈಗ ಬೇರೆ ಊರಿನಲ್ಲಿ ನೌಕರಿಯಲ್ಲಿದ್ದಾನೆಂದು ಅವನ ಸಹಪಾಠಿಯೊಬ್ಬರಿಂದ ತಿಳಿಯಿತು. ವಿಳಾಸ ಪಡೆದು, ಆ ಕವಿತೆ ಇನ್ನೂ ಇದ್ದರೆ ಒಮ್ಮೆ ಓದಲು ಕಳುಹಿಸಬೇಕೆಂದು ಕಾಗದ ಬರೆದಿದ್ದೇನೆ. ಉತ್ತರ ಬಂದಿಲ್ಲ. ಬಾರದಿದ್ದರೂ ಆಶ್ಚರ್ಯಪಡುವ ಹಕ್ಕು ನನಗಿಲ್ಲ. ಈ ವರ್ಷದ ವಾರ್ಷಿಕ ಸಂಚಿಕೆಗೆ ಬಂದಿರುವ ಕವಿತೆಗಳ ಕಟ್ಟು ಮೇಜಿನ ಮೇಲಿದೆ. ಅವುಗಳಲ್ಲಿ ಎಷ್ಟೋ ಅನುಕರಣೆಗಳು. ಈ ಸಾರಿ ಕೆಂಪು ಶಾಯಿಯನ್ನು ಪಕ್ಕಕ್ಕಿಟ್ಟು, ಒಂದೊಂದನ್ನೂ ಎರಡು ಸಲ ಓದುತ್ತಿದ್ದೇನೆ.